ಸೋರುವ ಹೃದಯಕವಾಟ ಮತ್ತು ಅರಿತು ಮಾಡುವ ದಾಸೋಹ



ಶರಣಧರ್ಮವು ಶರೀರವನ್ನು ಹೇಯವೆಂದು ಎಂದೂ ಬಗೆಯಲಿಲ್ಲ. ಲಿಂಗವನ್ನು ಧರಿಸುವುದಕ್ಕೆ ಅಂಗ ಬೇಕು. ಕಾಯಕವನ್ನು ನಡೆಸುವುದಕ್ಕೆ ಕಾಯ ಬೇಕು. ಪ್ರಸಾದವನ್ನು ಸ್ವೀಕರಿಸುವುದಕ್ಕೂ ದಾಸೋಹವನ್ನು ಸಲ್ಲಿಸುವುದಕ್ಕೂ ಈ ದೇಹವೇ ಸಾಧನ. ಆದಕಾರಣ ರೋಗ ಬಂದಾಗ ಔಷಧೋಪಚಾರ ಮಾಡಿಸಿಕೊಳ್ಳುವುದು ಲೌಕಿಕ ವ್ಯಾಮೋಹವಲ್ಲ; ಅದು ಆಚಾರದ ಒಂದು ಭಾಗವೇ ಆಗಿದೆ. ಇದರಲ್ಲಿ ನಮ್ಮ ಓದುಗರಿಗೆ ಸಂದೇಹವಿರಲಾರದು. ಆದರೆ ಚಿಕಿತ್ಸೆಯೇ ಇನ್ನೂ ಪರೀಕ್ಷೆಯ ಹಂತದಲ್ಲಿದ್ದು, ಅದು ಗುಣಕಾರಿಯೋ ಅಲ್ಲವೋ ಎಂಬುದು ವೈದ್ಯರಿಗೂ ನಿಶ್ಚಯವಾಗದಿರುವಾಗ, ಅಂತಹ ಪರೀಕ್ಷೆಗೆ ಶರೀರವನ್ನು ಒಪ್ಪಿಸಬಹುದೇ? ಈ ತಿಂಗಳು ಈ ಪ್ರಶ್ನೆಯನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಇದಕ್ಕೆ ಪ್ರೇರಣೆ ಭಕ್ತರೊಬ್ಬರು ಬರೆದ ಪತ್ರ. ಅವರ ತಾಯಿಯವರಿಗೆ ಎಪ್ಪತ್ತು ಮೀರಿದ ವಯಸ್ಸು. ಹೃದಯದ ಕವಾಟವೊಂದು ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತಿದೆ. ಎದೆಯನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯನ್ನು ಈ ದೇಹ ತಾಳಲಾರದು ಎಂದು ತಜ್ಞರು ಹೇಳಿ, ಹೊಸ ಸಾಧನವೊಂದರ ಪ್ರಯೋಗ ನಡೆಯಲಿದೆ, ಇಚ್ಛೆಯಿದ್ದರೆ ಸೇರಬಹುದು ಎಂದಿದ್ದಾರೆ. ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ಸೇರಿಸೋಣ ಎನ್ನುತ್ತಾರೆ. ಕಿರಿಯರು, ಹೆತ್ತ ತಾಯಿಯನ್ನು ಪ್ರಯೋಗದ ಇಲಿಯನ್ನಾಗಿ ಮಾಡುವುದೇ ಎಂದು ಕಣ್ಣೀರು ತರುತ್ತಾರೆ. ಧರ್ಮದೃಷ್ಟಿಯಿಂದ ಯಾವುದು ಸರಿ, ತಾವು ಅಪ್ಪಣೆ ಕೊಡಿಸಬೇಕು ಎಂಬುದು ಪತ್ರದ ಸಾರಾಂಶ. ನಾವು ಆ ಪತ್ರವನ್ನು ಎರಡು ಸಲ ಓದಿದೆವು. ಮಕ್ಕಳ ಅಭಿಪ್ರಾಯ ಅದರಲ್ಲಿದೆ, ಸೊಸೆಯಂದಿರ ಆತಂಕವಿದೆ, ಖರ್ಚಿನ ಲೆಕ್ಕವಿದೆ. ಆದರೆ ತಾಯಿಯವರು ಏನೆನ್ನುತ್ತಾರೆ ಎಂಬ ಒಂದು ಸಾಲು ಇಲ್ಲ. ಈ ಕೊರತೆಯ ವಿಷಯಕ್ಕೆ ಮುಂದೆ ಬರುತ್ತೇವೆ. ಮೊದಲು ರೋಗವನ್ನೂ ಪ್ರಯೋಗವನ್ನೂ ಅರಿತುಕೊಳ್ಳೋಣ.

ರೋಗದ ಸ್ವರೂಪ

ಕವಾಟವೆಂದರೆ ಕದ. ಹೃದಯದಲ್ಲಿ ನಾಲ್ಕು ಕೋಣೆಗಳೂ ನಾಲ್ಕು ಕವಾಟಗಳೂ ಇವೆ. ರಕ್ತವು ಮುಂದಕ್ಕೆ ಹರಿಯುವಾಗ ತೆರೆದುಕೊಂಡು, ಅದು ಹಿಂದಕ್ಕೆ ಮರಳದಂತೆ ಮುಚ್ಚಿಕೊಳ್ಳುವುದೇ ಅವುಗಳ ಕಾಯಕ. ಆರೋಗ್ಯವಂತ ಹೃದಯವು ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದಬ್ಬುತ್ತದೆ. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಷ್ಟು ಸಲವೂ ಈ ಕದಗಳು ತೆರೆದು ಮುಚ್ಚಬೇಕು. ಎಡಭಾಗದ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಇರುವ ಎರಡು ದಳಗಳ ಕವಾಟಕ್ಕೆ ಮೈಟ್ರಲ್ ಕವಾಟವೆಂದು ಹೆಸರು. ಸೋರಿಕೆಯ ತೊಂದರೆ ಹೆಚ್ಚಾಗಿ ಕಾಣುವ ಕವಾಟಗಳಲ್ಲಿ ಇದೂ ಒಂದು.

ಈ ಸೋರಿಕೆ ಎರಡು ಬಗೆಯಾಗಿದೆ. ದಳಗಳೇ ಸವೆದು ಜೋತುಬೀಳುವುದು, ದಳಗಳನ್ನು ಹಿಡಿದಿರುವ ಸಣ್ಣ ಹುರಿಗಳು ಹರಿಯುವುದು, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ದಳಗಳು ದಪ್ಪಗಾಗಿ ಕುಗ್ಗುವುದು ಮೊದಲನೆಯ ಬಗೆ. ಇಲ್ಲಿ ಕೆಟ್ಟಿರುವುದು ಕದವೇ. ಎರಡನೆಯ ಬಗೆಯಲ್ಲಿ ಕದ ಚೆನ್ನಾಗಿಯೇ ಇರುತ್ತದೆ. ಆದರೆ ಹೃದಯಾಘಾತವೇ ಮುಂತಾದ ಕಾರಣಗಳಿಂದ ಹೃದಯದ ಮಾಂಸಖಂಡ ದುರ್ಬಲವಾಗಿ ಕೋಣೆ ಹಿಗ್ಗುತ್ತದೆ. ಮನೆಯ ಗೋಡೆ ಸರಿದು ಬಾಗಿಲ ಚೌಕಟ್ಟು ಅಗಲವಾದರೆ ಕದಗಳೆರಡೂ ಹೇಗೆ ಕೂಡಿಕೊಳ್ಳಲಾರವೋ ಹಾಗೆ. ಎರಡರಲ್ಲಿಯೂ ರೋಗಿಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ ಉಸಿರು ಕಟ್ಟುವುದು, ರಾತ್ರಿ ಅಂಗಾತ ಮಲಗಲಾಗದೆ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳುವುದು, ಪಾದ ಬಾಯುವುದು, ಆಯಾಸ. ಎಕೋ ಪರೀಕ್ಷೆಯಿಂದ ಸೋರಿಕೆ ಅಲ್ಪವೋ ಮಧ್ಯಮವೋ ತೀವ್ರವೋ ಎಂಬುದು ತಿಳಿಯುತ್ತದೆ. ಅಲ್ಪ ಸೋರಿಕೆ ಇರುವ ಬಹುಮಂದಿಗೆ ಆಗಾಗ್ಗೆ ತಪಾಸಣೆಯ ಹೊರತು ಬೇರೇನೂ ಬೇಕಾಗುವುದಿಲ್ಲ. ಎಕೋ ವರದಿಯಲ್ಲಿ ಸೋರಿಕೆ ಎಂಬ ಶಬ್ದ ಕಂಡೊಡನೆ ಗಾಬರಿಪಡಬೇಕಾಗಿಲ್ಲ.

ತೀವ್ರವಾದ ಸೋರಿಕೆಗೆ ಔಷಧಗಳಿವೆ. ಕವಾಟವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಶಸ್ತ್ರಕ್ರಿಯೆಯಿದೆ. ಮೂರನೆಯ ದಾರಿ ಇತ್ತೀಚಿನದು. 1991ರಲ್ಲಿ ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೋ ಆಲ್ಫಿಯೇರಿ ಅವರು ಸೋರುವ ಕವಾಟದ ಎರಡು ದಳಗಳ ಅಂಚನ್ನು ನಡುವಿನಲ್ಲಿ ಹೊಲಿಗೆ ಹಾಕಿ ಕೂಡಿಸುವ ಕ್ರಮವನ್ನು ಕಂಡುಕೊಂಡರು. ಹೀಗೆ ಮಾಡಿದಾಗ ಒಂದು ಬಾಗಿಲು ಎರಡು ಕಿರುಬಾಗಿಲುಗಳಾಗುತ್ತದೆ, ಸೋರಿಕೆ ತಗ್ಗುತ್ತದೆ. ಅದೇ ತತ್ತ್ವವನ್ನು ಅನುಸರಿಸಿ, ತೊಡೆಯ ಸಂದಿಯ ಅಭಿಧಮನಿಯ ಮೂಲಕ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ಬಡಿಯುತ್ತಿರುವ ಹೃದಯದಲ್ಲಿಯೇ ದಳಗಳಿಗೆ ಚಿಕ್ಕ ಕ್ಲಿಪ್ಪೊಂದನ್ನು ಹಾಕುವ ವಿಧಾನ ಬಂದಿತು. ಮೈಟ್ರಾಕ್ಲಿಪ್ ಎಂಬ ಸಾಧನವನ್ನು ಮನುಷ್ಯರಲ್ಲಿ ಮೊದಲು ಬಳಸಿದ್ದು 2003ರಲ್ಲಿ. ಇದರಲ್ಲಿ ಎದೆಯನ್ನು ತೆರೆಯುವುದಿಲ್ಲ. ವೃದ್ಧರಿಗೂ ದುರ್ಬಲರಿಗೂ ಇದರಿಂದ ಆಸೆ ಹುಟ್ಟಿದ್ದು ಸಹಜ. ಈಗ ನಡೆಯುವ ಅನೇಕ ಪ್ರಯೋಗಗಳು ಇಂತಹ ಕ್ಲಿಪ್ಪುಗಳನ್ನೂ, ನಳಿಕೆಯ ಮೂಲಕವೇ ಕೂರಿಸುವ ಹೊಸ ಕವಾಟಗಳನ್ನೂ ಕುರಿತವು.

ಪ್ರಯೋಗವೆಂದರೇನು?

ಇಲ್ಲಿ ನಮ್ಮ ಓದುಗರು ಒಂದು ಭೇದವನ್ನು ಚೆನ್ನಾಗಿ ಮನಗಾಣಬೇಕು. ಚಿಕಿತ್ಸೆಯು ರೋಗಿಗಾಗಿ ನಡೆಯುವುದು. ಪ್ರಯೋಗವು ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕಾಗಿ ನಡೆಯುವುದು. ಪ್ರಯೋಗದಲ್ಲಿ ಸೇರಿದವರಿಗೆ ಒಳಿತಾಗಬಹುದು, ಆಗದೆಯೂ ಇರಬಹುದು. ಸಾಮಾನ್ಯವಾಗಿ ಸೇರಿದವರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಸಾಧನ, ಇನ್ನೊಂದಕ್ಕೆ ಈಗಾಗಲೇ ರೂಢಿಯಲ್ಲಿರುವ ಚಿಕಿತ್ಸೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಚೀಟಿ ಎತ್ತಿದಂತೆ ಅದು ನಿರ್ಣಯವಾಗುತ್ತದೆ. ಇದು ಅನ್ಯಾಯವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರು ಒಂದು ಕಡೆ, ಬಳಲಿದವರು ಇನ್ನೊಂದು ಕಡೆ ಸೇರಿ, ಫಲವು ಸಾಧನದ್ದೋ ದೇಹಬಲದ್ದೋ ತಿಳಿಯದೆ ಹೋಗುತ್ತದೆ. ಪಕ್ಷಪಾತವಿಲ್ಲದ ಸತ್ಯಕ್ಕಾಗಿ ಚೀಟಿಯೇ ಬೇಕು. ಆದುದರಿಂದ, ಪ್ರಯೋಗಕ್ಕೆ ಸೇರಿದೆವು, ಇನ್ನು ಹೊಸ ಸಾಧನ ಸಿಕ್ಕೇ ಸಿಗುತ್ತದೆ ಎಂದು ನಂಬಿ ಹೋಗುವವರು ಆಶಾಭಂಗಕ್ಕೆ ಸಿದ್ಧರಾಗಿರಬೇಕು.

2018ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳನ್ನು ಉದಾಹರಣೆಗೆ ನೋಡಬಹುದು. ಎರಡರಲ್ಲಿಯೂ ಬಳಸಿದ್ದು ಅದೇ ಮೈಟ್ರಾಕ್ಲಿಪ್. ಸೇರಿದ್ದವರು ಎರಡನೆಯ ಬಗೆಯ, ಎಂದರೆ ಹೃದಯ ಹಿಗ್ಗಿದ್ದರಿಂದ ಬಂದ ಸೋರಿಕೆಯವರು. ಕೋಆಪ್ಟ್ ಎಂಬ ಪ್ರಯೋಗ ಅಮೆರಿಕ ಮತ್ತು ಕೆನಡಾಗಳ 78 ಕೇಂದ್ರಗಳಲ್ಲಿ 614 ರೋಗಿಗಳಲ್ಲಿ ನಡೆಯಿತು. ಎರಡು ವರ್ಷಗಳಲ್ಲಿ ಔಷಧ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 46 ಮಂದಿ ಮೃತರಾದರೆ, ಔಷಧದ ಜೊತೆಗೆ ಕ್ಲಿಪ್ ಪಡೆದವರಲ್ಲಿ ಸುಮಾರು 29 ಮಂದಿ ಮೃತರಾದರು. ಆಸ್ಪತ್ರೆಗೆ ಮರಳಿ ಸೇರುವ ಪ್ರಸಂಗಗಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಫ್ರಾನ್ಸ್ ದೇಶದಲ್ಲಿ 304 ರೋಗಿಗಳಲ್ಲಿ ನಡೆದ ಮೈಟ್ರಾ-ಎಫ್‌ಆರ್ ಎಂಬ ಪ್ರಯೋಗದಲ್ಲಿ ಇದಕ್ಕೆ ವ್ಯತಿರಿಕ್ತವಾದ ಫಲ ಬಂದಿತು. ಒಂದು ವರ್ಷದ ಅವಧಿಯಲ್ಲಿ ಮೃತರಾದವರು ಅಥವಾ ಹೃದಯ ವೈಫಲ್ಯದಿಂದ ಅನಿರೀಕ್ಷಿತವಾಗಿ ಆಸ್ಪತ್ರೆ ಸೇರಿದವರು ಕ್ಲಿಪ್ ಗುಂಪಿನಲ್ಲಿ ನೂರಕ್ಕೆ ಸುಮಾರು 55, ಔಷಧದ ಗುಂಪಿನಲ್ಲಿ ಸುಮಾರು 51. ಅಂದರೆ ಕ್ಲಿಪ್ಪಿನಿಂದ ಗಣನೀಯವಾದ ಪ್ರಯೋಜನವೇ ತೋರಲಿಲ್ಲ.

ಒಂದೇ ಸಾಧನ, ಒಂದೇ ವರ್ಷ, ಎರಡು ಉತ್ತರ! ಇದು ಹೇಗೆ? ತಜ್ಞರಲ್ಲಿ ಹಲವರು ಕೊಡುವ ಸಮಾಧಾನವಿಷ್ಟು: ಕೋಆಪ್ಟ್ ಪ್ರಯೋಗದವರಲ್ಲಿ ಸೋರಿಕೆ ಹೆಚ್ಚು ತೀವ್ರವಾಗಿತ್ತು, ಹೃದಯ ಅಷ್ಟಾಗಿ ಹಿಗ್ಗಿರಲಿಲ್ಲ, ಸೇರಿಸಿಕೊಳ್ಳುವ ಮುನ್ನ ಔಷಧಗಳನ್ನು ಪೂರ್ಣಪ್ರಮಾಣದಲ್ಲಿ ಕೊಟ್ಟು ನೋಡಲಾಗಿತ್ತು. ಫ್ರಾನ್ಸಿನವರಲ್ಲಿ ಹೃದಯ ಹೆಚ್ಚು ಹಿಗ್ಗಿತ್ತು, ಅದಕ್ಕೆ ಹೋಲಿಸಿದರೆ ಸೋರಿಕೆ ಕಡಿಮೆಯಿತ್ತು. ಕದ ಸರಿಪಡಿಸಿದರೂ ಗೋಡೆಯೇ ಶಿಥಿಲವಾಗಿದ್ದರೆ ಮನೆ ನಿಲ್ಲದು. ಯಾರಿಗೆ ಉಪಯೋಗ, ಯಾರಿಗೆ ನಿರುಪಯೋಗ ಎಂಬ ಈ ವಿವೇಕವು ಹುಟ್ಟಿದ್ದು ಆ ಒಂಬೈನೂರಕ್ಕೂ ಮಿಕ್ಕಿದ ರೋಗಿಗಳು ತಮ್ಮ ಶರೀರವನ್ನು ಪರೀಕ್ಷೆಗೆ ಒಡ್ಡಿದ್ದರಿಂದ. ಕ್ಲಿಪ್ ಪಡೆಯದೆ ಉಳಿದವರ ಕೊಡುಗೆಯೂ ಅಷ್ಟೇ ದೊಡ್ಡದು. ಅವರಿಲ್ಲದಿದ್ದರೆ ಹೋಲಿಕೆಯೇ ಸಾಧ್ಯವಿರಲಿಲ್ಲ.

ಇನ್ನೊಂದು ಕಹಿಯಾದ ಮಾತನ್ನೂ ಹೇಳಬೇಕು. 2023ರಲ್ಲಿ ಕೋಆಪ್ಟ್ ಪ್ರಯೋಗದ ಐದು ವರ್ಷಗಳ ಫಲ ಪ್ರಕಟವಾಯಿತು. ಆ ವೇಳೆಗೆ ಔಷಧದ ಗುಂಪಿನಲ್ಲಿ ನೂರಕ್ಕೆ ಸುಮಾರು 67 ಮಂದಿ ಮೃತರಾಗಿದ್ದರು. ಕ್ಲಿಪ್ ಗುಂಪಿನಲ್ಲಿ ಸುಮಾರು 57 ಮಂದಿ. ಪ್ರಯೋಜನ ನಿಜ, ಆದರೆ ಅದು ಅಮೃತವಲ್ಲ. ಹೃದಯವೇ ದುರ್ಬಲವಾಗಿರುವಾಗ ಸಾಧನವು ದಿನಗಳನ್ನು ಕೂಡಿಸಬಲ್ಲದು, ಉಸಿರಾಟವನ್ನು ಹಗುರಗೊಳಿಸಬಲ್ಲದು. ರೋಗದ ಮೂಲವನ್ನು ಕೀಳಲಾರದು. ಹಿರಿಯರನ್ನು ಕರೆದುಕೊಂಡು ಹೋಗುವ ಮಕ್ಕಳು ಇದನ್ನು ತಿಳಿದೇ ಹೋಗಬೇಕು.

ಹೊಸದೆಲ್ಲವೂ ಉತ್ತಮವೆಂಬ ಭ್ರಮೆಯನ್ನೂ ಪ್ರಯೋಗವೇ ನಿವಾರಿಸುತ್ತದೆ. ರುಮ್ಯಾಟಿಕ್ ಹೃದ್ರೋಗದ ಜೊತೆಗೆ ಹೃದಯಬಡಿತದ ಲಯ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮುಂತಾದ ಹಳೆಯ ಔಷಧಗಳನ್ನು ಕೊಡುವುದುಂಟು. ಅದಕ್ಕೆ ಪದೇ ಪದೇ ರಕ್ತಪರೀಕ್ಷೆ ಬೇಕು, ಸೊಪ್ಪು ತಿನ್ನುವುದರಲ್ಲಿಯೂ ಹದ ಬೇಕು. ರಿವರೋಕ್ಸಬಾನ್ ಎಂಬ ಹೊಸ ಔಷಧಕ್ಕೆ ಈ ತೊಡಕಿಲ್ಲ. ಹೊಸದೇ ಅನುಕೂಲವೆಂದು ಬಹುಮಂದಿ ನಿರೀಕ್ಷಿಸಿದ್ದರು. ಆದರೆ ಭಾರತವೂ ಸೇರಿ 24 ದೇಶಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಎಂಬ ಪ್ರಯೋಗದಲ್ಲಿ ಹಳೆಯ ಔಷಧ ಪಡೆದವರಲ್ಲಿಯೇ ಸಾವು ಕಡಿಮೆಯಾಗಿತ್ತು.

ನಮ್ಮ ನೆಲದ ನಿದರ್ಶನ

ಪರದೇಶದ ಪ್ರಯೋಗಗಳ ಫಲವನ್ನು ನಾವು ಪಡೆದುಕೊಂಡರೆ ಸಾಲದೇ, ನಮ್ಮವರೇಕೆ ಸೇರಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ರೋಗದಲ್ಲಿಯೇ ಇದೆ. ಕೋಆಪ್ಟ್ ಪ್ರಯೋಗದಲ್ಲಿ ಪರೀಕ್ಷಿಸಿದ್ದು ಹಿಗ್ಗಿದ ಹೃದಯದ ಸೋರಿಕೆಯನ್ನು. ನಮ್ಮ ದೇಶದಲ್ಲಿಯಾದರೋ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇಂದಿಗೂ ಬಹಳ ಮಂದಿ. ದಪ್ಪಗಾಗಿ ಕುಗ್ಗಿದ ಅವರ ದಳಗಳಿಗೆ ಕ್ಲಿಪ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ದೇಶದ ಅಳತೆಯ ಅಂಗಿ ಇನ್ನೊಂದು ದೇಶದವರ ಮೈಗೆ ಕೂರುವುದೆಂಬ ಭರವಸೆ ಇಲ್ಲ.

ಇದಕ್ಕೆ ನಮ್ಮ ದೇಶದ್ದೇ ಆದ ಒಂದು ನಿದರ್ಶನವಿದೆ. ಆಮದು ಮಾಡಿದ ಕೃತಕ ಕವಾಟವನ್ನು ಕೊಳ್ಳುವ ಶಕ್ತಿ ಬಡವರಿಗೆ ಇಲ್ಲದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಸ್ವದೇಶಿ ಕವಾಟದ ನಿರ್ಮಾಣಕ್ಕೆ ಕೈಹಾಕಲಾಯಿತು. ಮೊದಲ ಮೂರು ಮಾದರಿಗಳು ವಿಫಲವಾದವು. ಲೋಹದ ಚೌಕಟ್ಟಿನಲ್ಲಿ ಪಾಲಿಥಿಲೀನಿನ ಬಿಲ್ಲೆ ಓಲಾಡುವಂತೆ ರೂಪಿಸಿದ ನಾಲ್ಕನೆಯ ಮಾದರಿ ಪರೀಕ್ಷೆಗಳಲ್ಲಿ ಗೆದ್ದು, 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಯೊಬ್ಬರ ಹೃದಯದಲ್ಲಿ ನೆಲೆಗೊಂಡಿತು. ಅಲ್ಲಿಂದ 1995ರ ಜನವರಿಯವರೆಗೆ ದೇಶದ ಆರು ಆಸ್ಪತ್ರೆಗಳಲ್ಲಿ 306 ರೋಗಿಗಳಲ್ಲಿ ಅದರ ಪ್ರಯೋಗ ನಡೆಯಿತು. ಇವರಲ್ಲಿ 205 ಮಂದಿಗೆ ಬದಲಿಸಿದ್ದು ಮೈಟ್ರಲ್ ಕವಾಟವನ್ನೇ. ಆನಂತರ ಈ ಕವಾಟ ಲಕ್ಷಕ್ಕೂ ಮಿಕ್ಕಿದ ಜನರಿಗೆ ದೊರೆತಿದೆ. ವಲಿಯತ್ತಾನರು ಮುಂದೆ ಮಣಿಪಾಲದ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿ ಕನ್ನಡನಾಡಿಗೆ ಬಂದರು, ಚರಕನನ್ನು ಕುರಿತು ಗ್ರಂಥವನ್ನೂ ರಚಿಸಿದರು, 2024ರಲ್ಲಿ ಮಣಿಪಾಲದಲ್ಲಿಯೇ ಕಾಲವಶರಾದರು. ಅವರ ಹೆಸರನ್ನು ನಾವು ಬಲ್ಲೆವು. ಆ 306 ಮಂದಿಯ ಹೆಸರು ನಮಗೆ ತಿಳಿಯದು. ಇಂದು ಅಗ್ಗದ ಬೆಲೆಗೆ ಕವಾಟ ಪಡೆದು ಹೊಲಕ್ಕೂ ಅಂಗಡಿಗೂ ಹೋಗಿ ಕಾಯಕ ಮಾಡುತ್ತಿರುವವರೆಲ್ಲರೂ ಆ ಅಜ್ಞಾತರಿಗೆ ಋಣಿಗಳು.

ದಾನವಲ್ಲ, ದಾಸೋಹ

ಹಾಗಾದರೆ ಪ್ರಯೋಗಕ್ಕೆ ಸೇರುವುದು ಪುಣ್ಯಕಾರ್ಯವೇ? ನಾವು ಆ ಶಬ್ದವನ್ನು ಬಳಸುವುದಿಲ್ಲ. ಪುಣ್ಯವನ್ನು ಬಯಸಿ ಕೊಡುವುದು ದಾನ. ಅದರಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಶರಣರು ಅದರ ಸ್ಥಾನದಲ್ಲಿ ದಾಸೋಹವನ್ನು ತಂದರು. ಅಲ್ಲಿ ಅಹಂಕಾರವಿಲ್ಲ, ಫಲಾಪೇಕ್ಷೆಯಿಲ್ಲ. ತನಗೆ ಬಂದದ್ದು ಸಮಾಜದ್ದೆಂಬ ಭಾವದಿಂದ ಸಲ್ಲಿಸುವುದಷ್ಟೇ. ತನಗೆ ಗುಣವಾಗದಿದ್ದರೂ ತನ್ನಿಂದ ತಿಳಿದುಬಂದದ್ದು ನಾಳೆಯ ರೋಗಿಗೆ ದಾರಿದೀಪವಾಗಲಿ ಎಂದು ಒಪ್ಪುವವರು ಮಾಡುವುದು ದಾಸೋಹವೇ ಸರಿ.

ಆದರೆ ಇದಕ್ಕೊಂದು ಕಟ್ಟಳೆಯಿದೆ. ಅರಿವಿಲ್ಲದ ಆಚಾರವನ್ನು ಶರಣರು ಎಂದೂ ಮನ್ನಿಸಲಿಲ್ಲ. ಏನನ್ನು ಕೊಡುತ್ತಿದ್ದೇನೆಂದು ತಿಳಿಯದೆ ಕೊಟ್ಟದ್ದು ದಾಸೋಹವಲ್ಲ, ಅದು ಕಸಿದುಕೊಂಡದ್ದು. ದೊಡ್ಡ ವೈದ್ಯರು ಹೇಳಿದರೆಂಬ ಅಂಜಿಕೆಯಿಂದ, ಒಪ್ಪದಿದ್ದರೆ ಮುಂದೆ ನೋಡುವುದಿಲ್ಲವೇನೋ ಎಂಬ ಭಯದಿಂದ, ಪುಕ್ಕಟೆ ಚಿಕಿತ್ಸೆಯ ಆಸೆಯೊಂದರಿಂದಲೇ ರುಜು ಹಾಕಿದರೆ ಅದು ಸಮ್ಮತಿಯಾಗದು. ಬಡತನವು ರುಜು ಹಾಕಿಸಿದರೆ ಹಾಕಿದ್ದು ಕೈಯಷ್ಟೇ, ಮನಸ್ಸಲ್ಲ.

ಯಾರ ಅಪ್ಪಣೆ?

ಈಗ ಪತ್ರದಲ್ಲಿ ಇಲ್ಲದಿದ್ದ ಆ ಸಾಲಿನ ವಿಷಯಕ್ಕೆ ಬರೋಣ. ಕಲ್ಯಾಣದ ಅನುಭವ ಮಂಟಪಕ್ಕೆ ಅಕ್ಕಮಹಾದೇವಿ ಬಂದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಅಲ್ಲಮಪ್ರಭುದೇವರು ಆಕೆಯನ್ನು ಕಠಿಣವಾಗಿ ಪ್ರಶ್ನಿಸುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟವರಾರು? ಆಕೆಯ ತಂದೆಯಲ್ಲ, ಸಭೆಯ ಹಿರಿಯರಲ್ಲ, ಅಕ್ಕನೇ. ಎಂಟು ಶತಮಾನಗಳ ಹಿಂದೆ ಹೆಣ್ಣಿನ ಮಾತನ್ನು ಹೆಣ್ಣಿನ ಬಾಯಿಂದಲೇ ಕೇಳಿದ ಪರಂಪರೆ ನಮ್ಮದು. ಅಂತಹ ಪರಂಪರೆಯ ಮನೆಗಳಲ್ಲಿ ಮುದಿಯ ತಾಯಿಯ ಎದೆಯೊಳಗೆ ಏನು ಇಡಬೇಕೆಂಬುದನ್ನು ಪಡಸಾಲೆಯಲ್ಲಿ ಗಂಡುಮಕ್ಕಳು ಕುಳಿತು ತೀರ್ಮಾನಿಸಿ, ತಾಯಿಯನ್ನು ಹೆಬ್ಬೆಟ್ಟು ಒತ್ತಲು ಕರೆಯುವುದು ಸರಿಯೇ? ಅವ್ವನಿಗೆ ಏನು ತಿಳಿಯುತ್ತದೆ ಎಂಬ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ನಾಲ್ಕು ಮಕ್ಕಳನ್ನು ಹೆತ್ತು, ಬರಗಾಲದಲ್ಲಿ ಸಂಸಾರವನ್ನು ತೂಗಿಸಿದವರಿಗೆ ಕದ, ಚೌಕಟ್ಟು, ಸೋರಿಕೆ ಎಂದರೆ ತಿಳಿಯದೇ? ತಿಳಿಯುವಂತೆ ಹೇಳುವ ತಾಳ್ಮೆ ನಮ್ಮಲ್ಲಿರಬೇಕು, ಅಷ್ಟೇ.

ಇದೇ ಕಾರಣದಿಂದ ಈ ಭಕ್ತರು ಬೇಡಿದ ಅಪ್ಪಣೆಯನ್ನು ನಾವು ಕೊಡುವುದಿಲ್ಲ. ಗುರುಗಳೂ ಕೊಡಬಾರದು, ಮಠವೂ ಕೊಡಬಾರದೆಂದು ವಿನಯಪೂರ್ವಕವಾಗಿ ಹೇಳುತ್ತೇವೆ. ಗುರುವಿನ ಮಾತನ್ನು ಮೀರಲಾರದ ಭಕ್ತರಿಗೆ ಗುರುವು ಸೇರಿಕೋ ಎಂದರೆ ಅದು ಆಯ್ಕೆಯಾಗದು, ಆಜ್ಞೆಯಾಗುತ್ತದೆ. ಪರರು ಸಮ್ಮತಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯದ ಒಂದು ಘಟನೆ ಸಾಕ್ಷಿ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಬಾಲಕಿಯರಿಗೆ ನಡೆಸುತ್ತಿದ್ದ ಲಸಿಕೆಯ ಅಧ್ಯಯನವೊಂದನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ತಂದೆತಾಯಿಗಳ ಬದಲು ವಿದ್ಯಾರ್ಥಿನಿಲಯದ ಮೇಲ್ವಿಚಾರಕರೇ ಅನೇಕ ಸಮ್ಮತಿಪತ್ರಗಳಿಗೆ ರುಜು ಹಾಕಿದ್ದುದು ವಿಚಾರಣೆಯಲ್ಲಿ ಹೊರಬಿದ್ದಿತು. 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಆ ಅಧ್ಯಯನವನ್ನು ನಡೆಸಿದ ರೀತಿಯನ್ನು ಕಟುವಾಗಿ ಖಂಡಿಸಿತು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುವ ನಮ್ಮ ಪ್ರಸಾದ ನಿಲಯಗಳನ್ನು ನಡೆಸುವವರು ಇದನ್ನು ಮರೆಯಲಾಗದು. ಅನ್ನ ಹಾಕುವ ಕೈಗೆ ರುಜು ಹಾಕುವ ಅಧಿಕಾರ ತಾನಾಗಿಯೇ ಬರುವುದಿಲ್ಲ. ಗುರುವಾಗಲಿ ಮಠವಾಗಲಿ ಮಾಡಬಹುದಾದದ್ದು ಒಂದೇ: ಧೈರ್ಯ ಹೇಳುವುದು, ಪ್ರಶ್ನೆ ಕೇಳಲು ಕಲಿಸುವುದು, ಯಾವ ತೀರ್ಮಾನಕ್ಕೆ ಬಂದರೂ ಆಶೀರ್ವದಿಸುವುದು.

ಕಾನೂನಿನ ಕಾವಲು ಮತ್ತು ಕೇಳಬೇಕಾದ ಪ್ರಶ್ನೆಗಳು

ಸೇರುವವರನ್ನು ಕಾಯಲು ನಮ್ಮ ದೇಶದಲ್ಲಿ ಈಗ ನಿಯಮಗಳಿವೆ. ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳು, ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳಿಗೆ 2019ರ ನಿಯಮಗಳು ಜಾರಿಯಲ್ಲಿವೆ. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ನಡೆಯುವಂತಿಲ್ಲ. 2019ರ ನಿಯಮದಂತೆ ಆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ವೈದ್ಯರಷ್ಟೇ ಅಲ್ಲದೆ ಕಾನೂನು ಬಲ್ಲವರೂ ಜನಸಾಮಾನ್ಯರೂ ಮಹಿಳೆಯೂ ಇರಬೇಕು. ತತ್ತ್ವಶಾಸ್ತ್ರ ಧರ್ಮಶಾಸ್ತ್ರಗಳನ್ನು ಬಲ್ಲವರಿಗೂ ಅವಕಾಶವಿದೆ. ನಮ್ಮ ವಿದ್ವಾಂಸರು ಕರೆ ಬಂದರೆ ಹಿಂಜರಿಯದೆ ಹೋಗಬೇಕು. 2007ರಲ್ಲಿ ಆರಂಭವಾದ ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕ ಸಾರ್ವಜನಿಕರಿಗೆ ತೆರೆದಿದೆ; 2009ರಿಂದ ನೋಂದಣಿ ಕಡ್ಡಾಯವಾಗಿದೆ. ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳಿಂದ ಅದನ್ನು ತೆರೆಸಿ ನೋಡಬಹುದು.

ಸಮ್ಮತಿಪತ್ರಕ್ಕೆ ರುಜು ಹಾಕುವ ಮುನ್ನ ಈ ಪ್ರಶ್ನೆಗಳನ್ನು ಕೇಳಿರಿ.

ಒಂದನೆಯದು: ನನ್ನ ಸೋರಿಕೆ ಯಾವ ಬಗೆಯದು? ಪ್ರಯೋಗದ ಹೊರತು ನನಗೆ ಇರುವ ದಾರಿಗಳಾವುವು?

ಎರಡನೆಯದು: ಈ ಸಾಧನವನ್ನು ಈವರೆಗೆ ಎಷ್ಟು ಮನುಷ್ಯರಲ್ಲಿ ಬಳಸಲಾಗಿದೆ? ಏನೇನು ಅಪಾಯ ಕಂಡಿದೆ?

ಮೂರನೆಯದು: ಚೀಟಿಯಲ್ಲಿ ಹೊಸ ಸಾಧನ ಬರದಿದ್ದರೆ ನನಗೆ ಏನು ಕೊಡುತ್ತೀರಿ? ಅದು ಒಳ್ಳೆಯದೆಂದು ಮುಂದೆ ತಿಳಿದರೆ ನನಗೂ ದೊರೆಯುವುದೇ? ಕೋಆಪ್ಟ್ ಪ್ರಯೋಗದಲ್ಲಿ ಎರಡು ವರ್ಷಗಳ ನಂತರ ಔಷಧದ ಗುಂಪಿನವರಿಗೂ ಕ್ಲಿಪ್ ಪಡೆಯುವ ಅವಕಾಶವಿತ್ತು.

ನಾಲ್ಕನೆಯದು: ಖರ್ಚು ಯಾರದು? ಪ್ರಯೋಗಕ್ಕಾಗಿಯೇ ಮಾಡುವ ತಪಾಸಣೆ, ಉಪಚಾರಗಳ ಹಣವನ್ನು ಸೇರಿದವರಿಂದ ವಸೂಲು ಮಾಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗದಿಂದ ಹಾನಿಯಾದರೆ ಉಪಚಾರವನ್ನೂ ಪರಿಹಾರವನ್ನೂ ಕೇಳುವ ಹಕ್ಕಿದೆ.

ಐದನೆಯದು: ನಡುವೆ ಬಿಟ್ಟು ಬರಬಹುದೇ? ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಟ್ಟು ಬರಬಹುದು. ಅದರಿಂದ ಮಾಮೂಲು ಚಿಕಿತ್ಸೆಗೆ ಬಾಧೆ ಬರಬಾರದು. ಆದರೆ ಒಳಗೆ ಹಾಕಿದ ಸಾಧನವನ್ನು ಮಾತ್ರೆಯಂತೆ ನಿಲ್ಲಿಸಲಾಗದು ಎಂಬುದನ್ನು ನೆನಪಿಡಬೇಕು.

ಮಾಹಿತಿಪತ್ರ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಪ್ರಯೋಗಕ್ಕೆ ಸಂಬಂಧವಿಲ್ಲದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರ ಎದುರಿನಲ್ಲಿ ಓದಿ ಹೇಳಬೇಕು. ಪತ್ರದ ಪ್ರತಿಯನ್ನು ಮನೆಗೆ ತಂದು ನಾಲ್ಕು ದಿನ ಯೋಚಿಸಿರಿ.

ನಮ್ಮ ಸಮಾಜದವರು ಕೇಳಬೇಕಾದ ಎರಡು ಪ್ರಶ್ನೆಗಳು ಇನ್ನೂ ಇವೆ. ಬದಲಿ ಕವಾಟಗಳಲ್ಲಿ ಕೆಲವು ಲೋಹದವು, ಕೆಲವು ದನದ ಅಥವಾ ಹಂದಿಯ ಅಂಗಾಂಶದಿಂದ ಮಾಡಿದವು. ಮೈಟ್ರಾಕ್ಲಿಪ್ಪಿನಂತಹ ಸಾಧನ ಲೋಹ ಮತ್ತು ಪಾಲಿಯೆಸ್ಟರ್ ಬಟ್ಟೆಯದು. ಇಂತಹ ಉಪಚಾರಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧ ಸಾಮಾನ್ಯವಾಗಿ ಪ್ರಾಣಿಮೂಲದ್ದು. ಪ್ರಾಣರಕ್ಷಣೆಗಾಗಿ ತೆಗೆದುಕೊಳ್ಳುವ ಔಷಧಕ್ಕೂ ರುಚಿಗಾಗಿ ತಿನ್ನುವ ಆಹಾರಕ್ಕೂ ಭೇದವಿದೆ ಎಂಬುದು ನಮ್ಮ ಭಾವನೆ. ಆದರೂ ಇದು ರೋಗಿಗೆ ಮೊದಲೇ ತಿಳಿದಿರಬೇಕು. ಆನಂತರ ತಿಳಿದು ಮನಸ್ಸು ಕುದಿಯಬಾರದು. ಇನ್ನೊಂದು ಇಷ್ಟಲಿಂಗದ ಪ್ರಶ್ನೆ. ಉಪಚಾರದ ಸಮಯದಲ್ಲಿ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇರುವಂತಿಲ್ಲ. ಯಾರೋ ಅವಸರದಲ್ಲಿ ಶಿವದಾರವನ್ನು ಕತ್ತರಿಸಿ ತಟ್ಟೆಗೆ ಹಾಕುವಂತಾಗಬಾರದು. ಹಿಂದಿನ ದಿನವೇ ವೈದ್ಯರಿಗೂ ದಾದಿಯರಿಗೂ ತಿಳಿಸಿ, ಲಿಂಗಪೂಜೆ ಮುಗಿಸಿ, ಶುಭ್ರವಸ್ತ್ರದಲ್ಲಿ ಸುತ್ತಿ ಮನೆಯವರೊಬ್ಬರು ತಮ್ಮ ಬಳಿ ಇರಿಸಿಕೊಂಡು, ಎಚ್ಚರವಾದೊಡನೆ ಕೊಡಲಿ. ಕರಡ್ಡಿಗೆ ಕಳಚಿದ ಮಾತ್ರಕ್ಕೆ ಪ್ರಾಣಲಿಂಗ ಅಗಲುವುದಿಲ್ಲ.

ಒಲ್ಲೆ ಎನ್ನುವ ಹಕ್ಕು

ಎಲ್ಲವನ್ನೂ ಕೇಳಿ ತಿಳಿದ ಮೇಲೆ ಆ ತಾಯಿಯವರು, ನನಗೆ ಈ ಔಷಧವೇ ಸಾಕು, ಮನೆಯಲ್ಲಿ ಲಿಂಗಪೂಜೆ ಮಾಡಿಕೊಂಡು ಇರುತ್ತೇನೆ ಎಂದರೆ ಅದೂ ಧರ್ಮವೇ. ಅವರನ್ನು ಹೇಡಿಗಳೆನ್ನಬಾರದು, ವಿಜ್ಞಾನವಿರೋಧಿಗಳೆನ್ನಬಾರದು. ಸೇರುತ್ತೇನೆ ಎಂದರೆ ಕಿರಿಯ ಮಗನು ಅದನ್ನು ತಾಯಿಯ ಬಲಿ ಎಂದು ತಿಳಿಯದೆ ಅವರ ನಿರ್ಧಾರವೆಂದು ಗೌರವಿಸಬೇಕು. ಅನೇಕ ತಪಾಸಣೆಗಳಾದ ಮೇಲೆ ಕವಾಟದ ರಚನೆ ಈ ಪ್ರಯೋಗಕ್ಕೆ ಹೊಂದದೆಂದು ಮರಳಿ ಕಳುಹಿಸುವುದೂ ಉಂಟು. ಹಾಗಾದರೆ ಕೈಬಿಟ್ಟರೆಂದು ಕೊರಗಬಾರದು. ಹೊಂದದವರನ್ನು ಸೇರಿಸಿಕೊಳ್ಳದಿರುವುದೂ ಒಂದು ರಕ್ಷಣೆಯೇ.

ಕಡೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲು ನೋವು ಜ್ವರ ಬಂದು, ಕೆಲವು ವಾರಗಳಲ್ಲಿ ಕೀಲುಗಳು ಒಂದರ ನಂತರ ಒಂದು ಬಾತು ನೋಯತೊಡಗಿದರೆ ಬೆಳವಣಿಗೆಯ ನೋವೆಂದು ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಗಾಂಡ ದೇಶದಲ್ಲಿ ಎಕೋ ಪರೀಕ್ಷೆಯಲ್ಲಿ ಮಾತ್ರ ಕಾಣುವಂತಹ ಆರಂಭದ ಕವಾಟದೋಷವಿದ್ದ 818 ಮಕ್ಕಳು ಒಂದು ಪ್ರಯೋಗದಲ್ಲಿ ಸೇರಿದ್ದರು. ಎರಡು ವರ್ಷಗಳಲ್ಲಿ ರೋಗ ಮುಂದುವರಿದದ್ದು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಪಡೆದವರಲ್ಲಿ 3 ಮಕ್ಕಳಿಗೆ, ಪಡೆಯದವರಲ್ಲಿ 33 ಮಕ್ಕಳಿಗೆ ಎಂದು 2021ರಲ್ಲಿ ತಿಳಿದುಬಂದಿತು. ದೂರದ ಆಫ್ರಿಕದ ಆ ಮಕ್ಕಳೂ ಅವರ ತಂದೆತಾಯಿಗಳೂ ಮಾಡಿದ ದಾಸೋಹದ ಪ್ರಸಾದ ನಮ್ಮ ಮಕ್ಕಳಿಗೂ ಸಲ್ಲುತ್ತದೆ. ಪ್ರಸಾದವನ್ನು ಪಡೆಯುವವರು ಕೊಟ್ಟವರನ್ನು ನೆನೆಯಬೇಕು. ತಮ್ಮ ಸರದಿ ಬಂದಾಗ ಕೊಡುವುದೋ ಬಿಡುವುದೋ ಎಂಬುದನ್ನು ಅರಿತು, ತಾವೇ ನಿರ್ಧರಿಸಬೇಕು.